ಅತ್ತೆಯ ಪದ, ನನ್ನ ಹಲೋ ಹಲೋ

ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿಯ ಮುಚ್ಚಳ ತೆಗೆದೊಡನೆ ಒಂದು ವಾಸನೆ ಮೂಗಿಗೆ ಬಡಿಯಿತು. ಡಾಂಬರು ಗುಳಿಗೆ, ತುಕ್ಕು, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು ಮೂರೂ ಕೂಡಿದ ವಾಸನೆ. ಕ್ಯಾಸೆಟ್ಟುಗಳನ್ನು ಎಸೆಯಲೂ ಆಗದೆ ಕೇಳಲೂ ಆಗದೆ ಅಟ್ಟದ ಮೇಲೆ ಇಟ್ಟುಕೊಂಡವರು ನೀವಾಗಿದ್ದರೆ ನಿಮಗೂ ಅದು ಗೊತ್ತಿರುತ್ತದೆ. ನನ್ನ ಡಬ್ಬಿ ಕೆಳಗಿಳಿದದ್ದು ತಂಗಿಯ ಮಗಳು ಪಲ್ಲವಿಯ ಫೋನಿನಿಂದ.

“ಮಾಮಾ, ಮನ್ಯಾಗ ಹಾಡು ರೆಕಾರ್ಡ್ ಮಾಡಾಕ ಒಂದು ಆಡಿಯೋ ಇಂಟರ್‌ಫೇಸ್ ತಗೋಬೇಕಂತ ಮಾಡೀನಿ. ಯಾವುದು ತಗೊಳ್ಳಲಿ? ಅದರಾಗ ಇರೋ ಪ್ರಿಆಂಪ್ ಸಾಕೋ, ಬ್ಯಾರೆ ಬೇಕೋ? ಹಂಗ ನಿನ್ನ ಹಳೇ ಕ್ಯಾಸೆಟ್ನೂ ತಗೊಂಡು ಬಾ, ಕಂಪ್ಯೂಟರಿಗೆ ಹಾಕ್ಕೊಡ್ತೀನಿ.”

ಇಂಟರ್‌ಫೇಸ್ ಎಂದರೆ ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂಡುವ ಡಬ್ಬಿ. ಪ್ರಿಆಂಪ್ ಎಂದರೆ ಮೈಕಿನೊಳಗಿಂದ ಬರುವ ಕ್ಷೀಣ ದನಿಯನ್ನು ಕೈಹಿಡಿದು ಮೇಲೆತ್ತುವಂಥದ್ದು. ಈ ವಿಷಯದಲ್ಲಿ ನನ್ನನ್ನು ಪಂಡಿತನೆಂದು ನಂಬಿದ ಜೀವ ಜಗತ್ತಿನಲ್ಲಿ ಅವಳೊಬ್ಬಳೇ. ಗಂಟಲು ಸರಿಮಾಡಿಕೊಂಡು, “ಅವಸರ ಮಾಡಬ್ಯಾಡ. ಹದಿನೈದು ದಿನ ಟೈಮ್ ಕೊಡು, ವಿಚಾರ ಮಾಡಿ ಹೇಳ್ತೀನಿ” ಎಂದೆ. ಆ ಕಡೆ ಅವಳ ತಾಯಿ, ಅಂದರೆ ನನ್ನ ತಂಗಿ ಗಿರಿಜಾ, ಫಕ್ಕನೆ ನಕ್ಕದ್ದು ಕೇಳಿಸಿತು. ಆ ನಗುವಿನ ಹಿಂದೆ ಮೂವತ್ತು ವರ್ಷಕ್ಕೂ ಹಳೆಯ ಕತೆಯಿದೆ. ಕುಳಿತುಕೊಳ್ಳಿ, ಹೇಳುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಿತ್ತು. ನಮ್ಮ ಮನೆ ಮಸ್ಕಿಯಲ್ಲಿ. ನನಗೆ ಲಿಂಗಸುಗೂರಿನಲ್ಲೊಂದು ಗುಮಾಸ್ತಿಕೆ. ದಿನಾ ಬಸ್ಸಿಗೆ ಜೋತುಬಿದ್ದು ಹೋಗಿಬರುತ್ತಿದ್ದೆ. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನೂ ಗಿರಿಜಾಳನ್ನೂ ಬೆಳೆಸಿದವಳು ಅಪ್ಪನ ಅಕ್ಕ, ನೀಲಮ್ಮತ್ತೆ. ಮುಂಜಾನೆ ಎದ್ದು ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡಲು ಕೂತಳೆಂದರೆ ಅವಳ ಬಾಯಿಂದ ಪದ ತಾನಾಗಿ ಹೊರಡುತ್ತಿತ್ತು. ಗಿರಿಜಾ ಎದ್ದದ್ದು, ಜಡೆ ಹಾಕಿಸಿಕೊಂಡದ್ದು, ಶಾಲೆಗೆ ಹೋದದ್ದು ಎಲ್ಲ ಆ ಪದದ ಮೇಲೆಯೇ. ಅವಳಿಗೆ ಸಿಂಧನೂರಿನ ಕಡೆ ಗಂಡು ಗೊತ್ತಾದಾಗ ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. “ಅಣ್ಣಾ, ಅತ್ತಿ ಪದ ಒಂದು ಕ್ಯಾಸೆಟ್ಟಿಗೆ ತುಂಬಿಕೊಡು. ಅದಿಲ್ದ ನನಗ ಬೆಳಕ ಹರಿಯೂದಿಲ್ಲ” ಎಂದಳು. ಮದುವೆಗೆ ಇನ್ನೂ ಐದು ತಿಂಗಳಿತ್ತು.

ಬೇರೆ ಯಾರಾದರೂ ಆಗಿದ್ದರೆ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ, ಚಹಾ ಕುಡಿಯುತ್ತಿದ್ದರು. ನಾನು ಹಾಗೆ ಮಾಡುವ ಪೈಕಿಯವನಲ್ಲ. ರೆಕಾರ್ಡರಿನೊಳಗಿನ ಮೈಕು ನನಗೆ ಕಳಪೆಯೆನಿಸಿತು. ಲಿಂಗಸುಗೂರಿನಲ್ಲಿ ರೇಡಿಯೋ ರಿಪೇರಿಯ ಖಾದರ್ ಭಾಯ್ ಹತ್ತಿರ ಹೋದೆ. ಅವರು ಸಾಬೂನಿನ ಡಬ್ಬಿಯೊಂದರಲ್ಲಿ ಟ್ರಾನ್ಸಿಸ್ಟರು, ತಂತಿ ಕೂಡಿಸಿ ಒಂದು ಪ್ರಿಆಂಪ್ ಮಾಡಿಕೊಟ್ಟರು. ಮನೆಗೆ ತಂದು ಹಚ್ಚಿದರೆ ಗುಂಯ್ ಎಂಬ ಸದ್ದು. ಮರುದಿನ ಮತ್ತೆ ಹೋದೆ. ಅರ್ಥಿಂಗ್ ಸರಿಯಿಲ್ಲ ಎಂದರು. ಅಂಗಳದಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ಹಾಕಿ ತಂತಿ ಹುಗಿದೆ. ರೆಕಾರ್ಡಿಂಗಿಗೆ ಮೊದಲು ಅದಕ್ಕೆ ಒಂದು ಕೊಡ ನೀರು ಹೊಯ್ಯುವ ನಿಯಮ ಬೇರೆ. ನಮ್ಮ ಓಣಿಯವರು ನಾನು ಯಾವುದೋ ಗಿಡ ನೆಟ್ಟಿದ್ದೇನೆಂದು ತಿಳಿದು, ಚಿಗುರಿತೇನೆಂದು ವಿಚಾರಿಸುತ್ತಿದ್ದರು. ಮೂರನೆಯ ಸಲ ಹೋದಾಗ ಖಾದರ್ ಭಾಯ್ ಕಾವಲಿಯಂತೆ ಕಾದಿದ್ದ ಬೆಸುಗೆಯ ಕಡ್ಡಿ ಕೆಳಗಿಟ್ಟು, “ಅರೇ ಸಾಹೇಬ್ರ, ಮೊದಲ ಅತ್ತಿಯವರ ಹಾಡು ತುಂಬಿಕೊಳ್ರಿ. ಗುಂಯ್ ಅಂದ್ರ ಅನ್ಲಿ ಬಿಡ್ರಿ. ನೀವು ಮಷೀನ್ ಆರಿಸೂದ್ರಾಗ ನನ್ನ ಗಡ್ಡ ಬೆಳ್ಳಗಾತು” ಎಂದರು. ನಾನು ಕೇಳಿದೆನೇ? ಸಿಂಧನೂರಿಗೆ ಹೋಗಿ ಮೈಕ್‌ಸೆಟ್ಟಿನವರ ಅಂಗಡಿಯಲ್ಲಿ ಎರಡು ಮೈಕುಗಳ ಮುಂದೆ ಇಡೀ ಮಧ್ಯಾಹ್ನ ಹಲೋ ಹಲೋ ಎಂದು ಬಂದೆ.

ಅಷ್ಟರಲ್ಲಿ ಸ್ಟುಡಿಯೋದ ಗೋಡೆಗಳಿಗೆ ಮೆತ್ತನೆಯದೇನನ್ನೋ ಹಚ್ಚಿರುತ್ತಾರೆಂದು ಯಾರೋ ಹೇಳಿದರು. ನನ್ನ ತಲೆಯಲ್ಲಿ ದೀಪ ಹತ್ತಿತು. ಆ ಸುಗ್ಗಿಯಲ್ಲಿ ನಮ್ಮ ನಡುಕೋಣೆಯಲ್ಲಿ ಹತ್ತಿ ಜಂತಿಯವರೆಗೆ ತುಂಬಿತ್ತು. ಇದಕ್ಕಿಂತ ಸ್ಟುಡಿಯೋ ಬೇಕೆ? ಹತ್ತಿಯನ್ನು ಗುಹೆಯಂತೆ ಬಗೆದು, ಮಣೆ ಹಾಕಿ, ಅತ್ತೆಯನ್ನು ಒಳಗೆ ಕೂರಿಸಿದೆ.

“ನನಗೇನು ಜ್ವರ ಬಂದಾವೇನಲೇ, ಹಿಂಗ ಹತ್ಯಾಗ ಹುಗದು ಕುಂದ್ರಿಸೀಯಲ್ಲ?”

“ಹಾಡು ಅತ್ತೀ.”

“ಏನಂತ ಹಾಡ್ಲಿ?”

“ದಿನಾ ಮುಂಜಾನೆ ಹಾಡ್ತೀಯಲ್ಲಬೇ, ಅದು.”

“ಅದು ಜ್ವಾಳ ಹಸನು ಮಾಡಾಕ ಕುಂತ್ರ ಬರ್ತೈತಿ. ಬರೇ ಕೈಲೆ ಕುಂತ್ರ ಬಾಯಿಗೆ ಹೆಂಗ ಬರಬೇಕು? ಆ ಮರ ಕೊಡು ಇಲ್ಲಿ.”

“ಮರ ಬ್ಯಾಡ. ಸಪ್ಪಳ ಬರ್ತೈತಿ.”

ಮೊರ ಸಿಗದ ಅತ್ತೆ ಪಾಪ, ಡಾಕ್ಟರರ ಮುಂದೆ ಕೂತವಳಂತೆ ಕೈಕಟ್ಟಿಕೊಂಡು ಕೂತಳು. ಕೂತು ಸೀನಿದಳು. ಮತ್ತೆ ಸೀನಿದಳು. ಹತ್ತಿಯ ಧೂಳು ಮೂಗಿಗೆ ಹೋದರೆ ಸಾಕ್ಷಾತ್ ಸರಸ್ವತಿಯಾದರೂ ಸೀನಲೇಬೇಕು. ಅವತ್ತಿನ ಕ್ಯಾಸೆಟ್ಟಿನಲ್ಲಿ ಒಂದು ಸಾಲು ಪದವಿಲ್ಲ, ಸೀನುಗಳು ಮಾತ್ರ ಬಹಳ ಸ್ವಚ್ಛವಾಗಿ ಬಂದಿವೆ. ಮರುವಾರ ಅಪ್ಪ ಹತ್ತಿ ಮಾರಿದರು. ನನ್ನ ಸ್ಟುಡಿಯೋ ಟ್ರ್ಯಾಕ್ಟರ್ ಏರಿ ಜಿನ್ನಿಂಗ್ ಫ್ಯಾಕ್ಟರಿಗೆ ಹೋಯಿತು.

ಐದು ತಿಂಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಮದುವೆಯ ದಿನ ಗಿರಿಜಾಳ ಕೈಗೆ ನಾನು ಕೊಟ್ಟದ್ದು ಒಂದು ಹೊಚ್ಚಹೊಸ ಟೇಪ್ ರೆಕಾರ್ಡರು, ಅದರೊಳಗೆ ಒಂದು ಖಾಲಿ ಕ್ಯಾಸೆಟ್ಟು. “ಪದ ತುಂಬಿದ್ದು ಆಮ್ಯಾಲ ಕಳಸ್ತೀನಿ, ಪ್ರಿಆಂಪ್ ಒಂದು ಸರಿ ಆಗ್ಲಿ” ಎಂದೆ. ಅವಳು ತಲೆಯಾಡಿಸಿದಳು. ಮರುವರ್ಷ ಅತ್ತೆ ನಾಲ್ಕು ದಿನ ಮಲಗಿ, ಐದನೆಯ ದಿನ ಹೋಗಿಬಿಟ್ಟಳು. ಸಿಂಧನೂರಿನಿಂದ ಬಂದ ಗಿರಿಜಾ ಅತ್ತಳು, ಅತ್ತೆಯ ಮೊರವನ್ನು ಸೀರೆಯಲ್ಲಿ ಸುತ್ತಿಕೊಂಡು ಒಯ್ದಳು. ಕ್ಯಾಸೆಟ್ಟಿನ ಮಾತು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾಚಿಕೆಯಿಂದ ನಾನೂ ನನ್ನ ಕ್ಯಾಸೆಟ್ಟುಗಳನ್ನು ಬಿಸ್ಕೀಟಿನ ಡಬ್ಬಿಗೆ ತುಂಬಿ ಅಟ್ಟಕ್ಕೇರಿಸಿದೆ.

ಇರಲಿ. ಹೋದ ವಾರ ಮೂರು ಇಂಟರ್‌ಫೇಸುಗಳ ಗುಣದೋಷ ಬರೆದ ಚೀಟಿ, ತಗಡಿನ ಡಬ್ಬಿ, ಹಳೆಯ ರೆಕಾರ್ಡರು ಎಲ್ಲ ಹೊತ್ತುಕೊಂಡು ಸಿಂಧನೂರಿಗೆ ಹೋದೆ. ಹೋಗಿ ನೋಡಿದರೆ ಪಲ್ಲವಿ ಆಗಲೇ ಒಂದು ಕೆಂಪು ಡಬ್ಬಿ ತರಿಸಿ, ಮೇಜಿನ ಮೇಲೆ ಮೈಕಿನ ಪಕ್ಕ ಇಟ್ಟುಕೊಂಡಿದ್ದಳು. “ನಿನ್ನ ವಿಚಾರ ಮುಗಿಯೂದ್ರಾಗ ಮಾಡೆಲ್ ಹಳೇವಾಗ್ತಾವಂತ ಅವ್ವ ಅಂದಳು, ಮಾಮಾ.” ಚೀಟಿಯನ್ನು ಜೇಬಿನಲ್ಲೇ ಮಡಚಿಕೊಂಡೆ. ಗಿರಿಜಾ ನೆಲದ ಮೇಲೆ ಅದೇ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು.

ಮೇಲೆ ‘ಟೆಸ್ಟಿಂಗ್’ ಎಂದು ಬರೆದಿದ್ದ ಕ್ಯಾಸೆಟ್ಟು ಮೊದಲು ಕೈಗೆ ಬಂತು. ಪಲ್ಲವಿ ಹಚ್ಚಿದಳು. ಗುಂಯ್. ಆಮೇಲೆ ಎಳೆಯ ದನಿಯಲ್ಲಿ ನಾನು: “ಹಲೋ, ಹಲೋ. ಒಂದು, ಎರಡು, ಮೂರು.” ಪಲ್ಲವಿ ಕಿಸಕ್ಕನೆ ನಕ್ಕಳು. ಗಿರಿಜಾಳ ಕೈ ಮಾತ್ರ ನಿಂತುಬಿಟ್ಟಿತು. ನನ್ನ ಹಲೋಗಳ ಹಿಂದೆ, ದೂರದ ಪಡಸಾಲೆಯಲ್ಲಿ ಮೊರದ ಸಪ್ಪಳ; ಅದರ ಮೇಲೆ ಅತ್ತೆಯ ಪದ. ಎರಡು ಸಾಲು, ಮೂರು ಸಾಲು. ನಡುವೆ ನಾನೇ ಮತ್ತೆ, ಸಿಡುಕಿನಿಂದ: “ಅತ್ತೀ, ಒಂಚೂರು ಸುಮ್ಮಕಿರಬೇ! ಟೆಸ್ಟಿಂಗ್ ಮಾಡಾಕತ್ತೀನಿ.”

“ಆತಪಾ, ಮಾಡು” ಎಂದಳು ಅತ್ತೆ. ಪದ ನಿಂತಿತು. ಮುಂದೆ ಬರೀ ಹಲೋ ಹಲೋ.

ಆ ಗಳಿಗೆಯಲ್ಲಿ ಏನಾದರೂ ಮಾತಾಡದಿದ್ದರೆ ಅತ್ತುಬಿಡುತ್ತೇನೆ ಅನ್ನಿಸಿ, “ಆ ಗುಂಯ್ ಅನ್ನೂದು ಅರ್ಥಿಂಗಿಂದು, ಪ್ರಿಆಂಪ್ ಏನರ...” ಎಂದು ಶುರುಮಾಡಿದೆ.

“ಅಣ್ಣಾ, ಈಗರ ಸುಮ್ಮಕ ಕುಂದ್ರು” ಎಂದಳು ಗಿರಿಜಾ.

ಕುಂತೆ. ಅವಳು ಮೊರವನ್ನು ಮತ್ತೆ ತೊಡೆಯ ಮೇಲೆಳೆದುಕೊಂಡಳು. ಕಣ್ಣೊರೆಸಿಕೊಳ್ಳಲೂ ಇಲ್ಲ. ನಾಲ್ಕು ಸಲ ಕೇರಿದಳು, ಐದನೆಯ ಸಲಕ್ಕೆ, ಅತ್ತೆ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದ ಮುಂದಿನ ಸಾಲು ಎತ್ತಿದಳು. ಪಲ್ಲವಿ ಮೆಲ್ಲಗೆ ಮೈಕು ತಾಯಿಯ ಕಡೆ ತಿರುಗಿಸಿ, ಗುಂಡಿ ಒತ್ತಿ, “ಅವ್ವಾ, ಆ ಮರ...” ಎಂದು ಮೊರ ತೆಗೆದಿಡಲು ಕೈಚಾಚಿದಳು. ನಾನು ಅವಳ ಕೈ ಹಿಡಿದುಕೊಂಡೆ. ಪದ ಮುಗಿಯುವವರೆಗೂ ಬಿಡಲಿಲ್ಲ.