ಕಮಲಾಪುರದ ಗುಡ್ಡದಲ್ಲಿ ಕರೆದವರಾರು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ಶುರು ಮಾಡಿದರೆ, ರಾತ್ರಿ ಏನು ಊಟ ಮಾಡಿದ್ದೆ ಎಂದು ಕೇಳುವವರ ಪೈಕಿ ನಾನು. ಈಗಲೂ ಅಂಥವನ್ನು ನಂಬುತ್ತೇನೆಂದು ಹೇಳಲಾರೆ. ಕಮಲಾಪುರದ ಗುಡ್ಡದಲ್ಲಿ ನಡೆದದ್ದನ್ನು ಓದಿದ ಮೇಲೆ ನೀವು ನನ್ನನ್ನೇ ಸಂಶಯಿಸಿದರೂ ನನಗೆ ಬೇಸರವಿಲ್ಲ. ನನ್ನ ಜೀವದ ಗೆಳೆಯನೇ ಇಷ್ಟು ವರ್ಷ ಸಂಶಯಿಸಿಕೊಂಡು ಬಂದಿದ್ದಾನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಕಲಬುರಗಿಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಗೆಳೆಯ ಪ್ರಹ್ಲಾದ ಶರಣಬಸವೇಶ್ವರ ಗುಡಿಯ ಹತ್ತಿರ ಕಾಲೇಜು ಹುಡುಗರಿಗೆ ಗಣಿತದ ಪಾಠ ಹೇಳುತ್ತಿದ್ದ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಇಬ್ಬರೂ ಹೈದರಾಬಾದಿನಿಂದ ಗೇರ್ ಸೈಕಲ್ ತರಿಸಿಕೊಂಡಿದ್ದೆವು. ಭಾನುವಾರ ಬಂತೆಂದರೆ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಕಟ್ಟಿಸಿ ಕಮಲಾಪುರಕ್ಕೆ ಹೋಗುವುದು, ಅಲ್ಲಿ ಚುರುಮುರಿ ಸೂಸಲ, ಮಿರ್ಚಿ ತಿಂದು ಗುಡ್ಡ ಹತ್ತುವುದು, ಆಚೆಗಿನ ಬಾಳೆತೋಟಗಳ ಕಡೆ ಇಳಿಯುವುದು. ಇದು ನಮ್ಮ ಹುಚ್ಚು.

ಆದರೆ ಒಂದು ತೊಡಕಿತ್ತು. ಹಿಂದಿನ ವರ್ಷ ಶರಣಸಿರಸಗಿ ಹತ್ತಿರ ಸ್ಕೂಟರಿನಿಂದ ಬಿದ್ದು ಪ್ರಹ್ಲಾದನ ಎಡಭುಜದ ಎಲುಬು ಮುರಿದಿತ್ತು. ಕೂಡಿಸಿದ ಡಾಕ್ಟರು ಭಾರ ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಕಮಲಾಪುರದ ಗುಡ್ಡವೋ, ನೋಡಲು ದೊಡ್ಡದಲ್ಲದಿದ್ದರೂ ಎಲ್ಲಿ ಹೋದರೂ ಒಂದು ಕಡೆ ಕೆಂಪುಕಲ್ಲು ಎದೆಯೆತ್ತರ ಕಡಿದು ನಿಂತಿರುತ್ತದೆ. ಅಲ್ಲಿ ಸೈಕಲ್ ಹೊರಲೇಬೇಕು. ನಾನು ಮೊದಲು ನನ್ನದನ್ನು ದಾಟಿಸಿ, ತಿರುಗಿ ಬಂದು ಅವನದನ್ನು ಹೊರುತ್ತಿದ್ದೆ. ಅವನಿಗೆ ಅದು ಅವಮಾನ.

"ಒಂದs ಒಂದು ಸಲ ಸೈಕಲ್ಲಿಂದ ಇಳೀದಂಗ ದಾಟಬೇಕಲೇ," ಎನ್ನುತ್ತಿದ್ದ. "ಹೊರೂದಿಲ್ಲದ ದಾರಿ ಎಲ್ಲೋ ಇದ್ದs ಇರ್ತದ."

ಹೀಗೆ ಚಳಿಗಾಲವೆಲ್ಲ ಆ ದಾರಿಯನ್ನು ಹುಡುಕಿದೆವು. ಕುರಿ ಹೋದ ಜಾಡು, ನೀರು ಹರಿದ ಕೊರಕಲು, ಯಾವುದನ್ನೂ ಬಿಡಲಿಲ್ಲ.

ತೊಗರಿ ರಾಶಿಯ ದಿನಗಳಲ್ಲಿ ಒಂದು ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ, ಗುಡ್ಡದ ನೆತ್ತಿಯ ಬಲಗಡೆ ಎರಡು ಬಂಡೆಗಳ ಸಂದಿನಲ್ಲಿ ನನಗೆ ಒಂದು ಜಾಡು ಕಂಡಿತು. ಕಸ ಗುಡಿಸಿದ ಅಂಗಳದ ಹಾಗೆ ನುಣ್ಣಗಿತ್ತು. ನಾನು ಮುಂದೆ ಇಳಿದೆ, ಪ್ರಹ್ಲಾದ ಹಿಂದೆ ಬಂದ. ಎಲ್ಲಿಯೂ ಕಾಲು ಕೆಳಗಿಡಲಿಲ್ಲ. ಹಿಂದಿನಿಂದ ಅವನ ಸೈಕಲ್ಲಿನ ಫ್ರೀವೀಲು ಟಿಕಿಟಿಕಿ ಎನ್ನುವುದು ಉದ್ದಕ್ಕೂ ಕೇಳುತ್ತಿತ್ತು. ಅದಕ್ಕೇ ತಿರುಗಿ ನೋಡಲಿಲ್ಲ.

ಕೆಳಗೆ ಬಾಳೆತೋಟದ ಪಂಪಿನ ಮನೆ ಮುಂದೆ ನಿಂತು ತಿರುಗಿದರೆ ಅವನಿಲ್ಲ. ತೋಟಕ್ಕೆ ನೀರು ಬಿಡುತ್ತಿದ್ದ ಸಿದ್ದಣ್ಣ ಎಂಬಾತ ನನಗೆ ಕುಡಿಯಲು ತಂಬಿಗೆ ನೀರು ಕೊಟ್ಟ. ಇಬ್ಬರೂ ಮಾತಾಡುತ್ತ ಕೂತೆವು. ಸಾಕಷ್ಟು ಹೊತ್ತಾದ ಮೇಲೆ ಪ್ರಹ್ಲಾದ ಬಂದ. ಸೈಕಲ್ ಅವನ ಎಡಭುಜದ ಮೇಲಿತ್ತು. ಅಂಗಿ ಹರಿದು, ಚೈನಿನ ಎಣ್ಣೆ ಕುತ್ತಿಗೆಯವರೆಗೆ ಮೆತ್ತಿತ್ತು. ಮುಖ ಬೂದಿಬಣ್ಣ. ಸೈಕಲ್ ಇಳಿಸಿ ನೆಲಕ್ಕೆ ಕೂತವನು ಬಲಗೈಯಿಂದ ಎಡಗೈಯನ್ನು ಮಗುವಿನ ಹಾಗೆ ಹಿಡಿದುಕೊಂಡ.

"ಯಾಕಲೇ, ಯಾಕ ಹೊತ್ತಿ?" ಎಂದೆ.

"ನೀನs ಹೊರು ಅಂದೆಲ್ಲ," ಎಂದ.

ಹಾಸ್ಯವೆಂದುಕೊಂಡೆ. ಅವನು ನಗಲಿಲ್ಲ. ಅವನು ಹೇಳಿದ್ದು ಇಷ್ಟು: ಬಂಡೆಗಳ ಸಂದಿಯಲ್ಲಿ ಎಂದಿನ ಹಾಗೆಯೇ ಕಡಿದಾದ ಕಲ್ಲು ಬಂತು. ನಾನು ನನ್ನ ಸೈಕಲ್ಲನ್ನು ಕೆಳಗೆಲ್ಲೋ ಬಿಟ್ಟು ಬರಿಗೈಯಲ್ಲಿ ಹತ್ತಿ ಬಂದೆ. ಈ ಹೊತ್ತು ನೀನೇ ಹೊತ್ತುಕೊ ಎಂದೆ. ಅವನು ಭುಜ ತೋರಿಸಿದರೂ ಕೇಳಲಿಲ್ಲ. ಕೆಳಗಿನವರೆಗೂ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತ, ಅವನು ಕೂತರೆ ನಿಂತು, ಎದ್ದರೆ ನಡೆದು, ಕರೆದುಕೊಂಡು ಬಂದೆ.

ನಾನು ಸಿದ್ದಣ್ಣನ ಕಡೆ ತಿರುಗಿದೆ. "ನಾ ಹೆಂಗ ಬಂದೆ, ಹೇಳ್ರಿ ಇವಗ."

"ಇವ್ರು ಸೈಕಲ್ ಮ್ಯಾಲೇ ಬಂದಾರ್ರಿ ಮಾಸ್ತರ, ನಾ ನೋಡೀನಿ," ಎಂದ ಸಿದ್ದಣ್ಣ. ಸ್ವಲ್ಪ ತಡೆದು ಕೇಳಿದ, "ನೀವು ಮ್ಯಾಲಿಂದ ಬರೂತನಾ ಯಾರ ಜೋಡಿ ಮಾತಾಡಾಕತ್ತಿದ್ರಿ?"

ಪ್ರಹ್ಲಾದ ಅವನನ್ನು ನೋಡಿದ, ಆಮೇಲೆ ನನ್ನನ್ನು. "ನಾ ಬರೂದರೊಳಗ ಇವಗ ಏನು ಹೇಳಿಕೊಟ್ಟಿ?" ಎಂದ.

ಅಷ್ಟೇ. ಕಲಬುರಗಿಯ ಬಸ್ಸಿನಲ್ಲಿ ಅವನು ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತ. ನನ್ನ ತಲೆಯಲ್ಲೂ ಸಂಶಯವೇ. ಇವನಿಗೆ ನನ್ನ ಮೇಲೆ ಏನು ಹಗೆ? ಎಂದಾದರೂ ಹೊತ್ತು ತೋರಿಸುತ್ತೇನೆಂಬ ಹಟಕ್ಕೆ ಹೊತ್ತು, ನೋವಾದ ಮೇಲೆ ನನ್ನ ಮೇಲೆ ಹಾಕುತ್ತಿದ್ದಾನೆಯೇ? ಎಲುಬು ಮತ್ತೆ ಸರಿದಿತ್ತು. ಆಪರೇಷನ್ ಆಯಿತು. ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳದೆ ಹೋಯಿತು. ನೋಡಲು ಹೋದಾಗ ಅವನ ತಾಯಿ ಚಹಾ ಕೊಟ್ಟರು, ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ನಾನು ಸುಳ್ಳನಲ್ಲ ಎಂದು ನನಗಾದರೂ ಗೊತ್ತಾಗಲಿ ಎಂದು ಒಬ್ಬನೇ ಆ ಗುಡ್ಡಕ್ಕೆ ಹೋದೆ. ಬಂಡೆಗಳು ಅಲ್ಲೇ ಇದ್ದವು. ನಡುವೆ ನುಣ್ಣನೆಯ ಜಾಡಿರಲಿಲ್ಲ. ಕೆಂಪುಕಲ್ಲು ನನ್ನ ಎದೆಯೆತ್ತರ ಕಡಿದು ನಿಂತಿತ್ತು, ಕೆಳಗೆ ಜಾಲಿಯ ಪೊದೆ. ಆಚೀಚೆ ಎಷ್ಟು ತಿರುಗಿದರೂ ಸೈಕಲ್ ಹೊರದೆ ಇಳಿಯುವ ಜಾಗ ಸಿಗಲಿಲ್ಲ. ಹಾಗಾದರೆ ನಾನು ಇಳಿದದ್ದು ಎಲ್ಲಿ? ಸಿದ್ದಣ್ಣ ನೋಡಿದ್ದು ಯಾರನ್ನು? ನನ್ನ ಮೇಲೆ ನನಗೇ ಅನುಮಾನ ಹುಟ್ಟಿದ್ದು ಅಲ್ಲಿ. ಸೈಕಲ್ಲನ್ನು ಮಾರಿಬಿಟ್ಟೆ.

ನಾಲ್ಕೈದು ವರ್ಷ ಕಳೆದ ಮೇಲೆ ಒಂದು ಸಂಜೆ ಗುಡಿಯ ಎದುರಿನ ಚಹಾದಂಗಡಿಯಲ್ಲಿ ಪ್ರಹ್ಲಾದನೇ ಬಂದು ಪಕ್ಕದಲ್ಲಿ ಕೂತ. ಸಿಟ್ಟು ಇದ್ದ ಹಾಗೆ ಕಾಣಲಿಲ್ಲ.

"ಹೊರು ಅಂದದ್ದಕ್ಕ ನಾ ಹೊರಲಿಲ್ಲ," ಎಂದ. "ನೀ ಕರದಿ ನೋಡು, ಆ ಹೆಸರಿಗೆ ಹೊತ್ತೆ. 'ಮನ್ಯಾ, ಎತ್ತಿಕೋ' ಅಂದಿ."

"ಯಾರು ಮನ್ಯಾ?"

"ಮರಾಠ್ಯಾಗ ಬೆಕ್ಕಿಗೆ ಕರಿಯೂ ಹೆಸರು. ಸಣ್ಣಾಂವ ಇದ್ದಾಗ ಬೆಕ್ಕಿನಂಗ ಅಟ್ಟಾ ಏರ್ತೀನಂತ ನಮ್ಮಪ್ಪ ನನಗ ಇಟ್ಟದ್ದು. ಅವರೊಬ್ಬರs ಕರೀತಿದ್ರು, ಅದೂ ನಾವಿಬ್ಬರs ಇದ್ದಾಗ. ನಾ ಮೂರನೇ ಇಯತ್ತೆ ಇದ್ದಾಗ ತೀರಿಕೊಂಡ್ರು. ಅವ್ವಗೂ ಗೊತ್ತಿಲ್ಲದು. ನಿನಗ ಯಾರು ಹೇಳಿದ್ರು ಅಷ್ಟs ಹೇಳು. ಬ್ಯಾರೆ ಏನೂ ಕೇಳಂಗಿಲ್ಲ."

ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಹಾಗೆಂದೇ ಹೇಳಿದೆ. ಅವನು ಚಹಾ ಮುಗಿಸುವವರೆಗೂ ಕಾದ. "ಇರಲಿ, ಹೇಳೂ ಮನಸ್ಸಾದಾಗ ಹೇಳು," ಎಂದು ಎದ್ದು ಹೋದ.

ಈಗ ನಾವು ಮಾತಾಡುತ್ತೇವೆ. ಮದುವೆ, ಮುಂಜಿವೆಗಳಲ್ಲಿ ಅಕ್ಕಪಕ್ಕ ಊಟಕ್ಕೂ ಕೂರುತ್ತೇವೆ. ಆದರೆ ನಾನು ಅವನನ್ನು ಕರೆಯಬೇಕಾಗಿ ಬಂದಾಗ, ಬಾಯಿ ತೆರೆಯುವ ಮೊದಲೇ ಅವನು ನನ್ನ ತುಟಿಗಳನ್ನು ನೋಡುತ್ತಿರುತ್ತಾನೆ.