ಓದಲು ಬಾರದ ಹೆಸರಿನ ಫೋಲ್ಡರುಗಳು

ಕೊರೊನಾ ನಿರ್ಬಂಧಗಳು ಮುಗಿದು ಮದುವೆಗಳು ಮತ್ತೆ ಗದ್ದಲದಿಂದ ನಡೆಯತೊಡಗಿದ ವರ್ಷ ಅದು. ಹಾನಗಲ್ಲಿನಲ್ಲಿ ನನ್ನದೊಂದು ವಿಡಿಯೊ ಸ್ಟುಡಿಯೊ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಕ್ಯಾಮೆರಾ ಹಿಡಿದವನು ನಾನು. ಕ್ಯಾಸೆಟ್ಟಿನ ಕಾಲದಿಂದ ಮೆಮೊರಿ ಕಾರ್ಡಿನ ಕಾಲದವರೆಗೆ ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯ ಮದುವೆಗಳನ್ನು ಚಿತ್ರೀಕರಿಸಿ ಸಂಸಾರ ನಡೆಸಿದೆ. ಅದರ ಜೊತೆಗೆ ಇನ್ನೊಂದು ಕೆಲಸವೂ ಕೈಗೆ ಹತ್ತಿತ್ತು. ಜನ ಮನೆಯಲ್ಲಿ ತಾವೇ ತೆಗೆದು, ಹಳೆಯ ಕಂಪ್ಯೂಟರಿನಲ್ಲಿ ಅರ್ಧಂಬರ್ಧ ಜೋಡಿಸಿಟ್ಟ ವಿಡಿಯೊಗಳನ್ನು ಹೊಸ ಕಂಪ್ಯೂಟರಿಗೆ ಸಾಗಿಸಿ ಪೂರ್ತಿ ಮಾಡಿಕೊಡುವುದು. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ, ಅದಕ್ಕಿಂತ ದೊಡ್ಡದಾದ ಇನ್ನೊಂದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಓದುವವರಿಗೆ ಒಂದು ಸಂಗತಿ ಮೊದಲೇ ತಿಳಿದಿರಲಿ. ಎಡಿಟಿಂಗಿನಲ್ಲಿ ‘ಪ್ರಾಜೆಕ್ಟ್’ ಎನ್ನುವ ಫೈಲಿನೊಳಗೆ ಚಿತ್ರವೂ ಇರುವುದಿಲ್ಲ, ದನಿಯೂ ಇರುವುದಿಲ್ಲ. ಯಾವ ತುಣುಕು ಎಲ್ಲಿದೆ, ಅದನ್ನು ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು ಎಂಬ ವಿಳಾಸಗಳಷ್ಟೇ ಇರುತ್ತವೆ. ನಾವು ಕ್ಲಿಪ್ ಎನ್ನುವ ತುಣುಕುಗಳು ಬೇರೆ ಫೋಲ್ಡರುಗಳಲ್ಲಿರುತ್ತವೆ. ಮನೆಯವರು ಊರು ಬಿಟ್ಟ ಮೇಲೆ ವಿಳಾಸ ಹಿಡಿದು ಹೋಗಿ ಬಾಗಿಲು ಬಡಿದರೆ ಯಾರು ತೆಗೆದಾರು?

ಶಿಗ್ಗಾಂವದ ನೇತ್ರಾ ಎಂಬ ಹುಡುಗಿ ಒಂದು ಹಾರ್ಡ್ ಡಿಸ್ಕ್ ತಂದಳು. ಅವಳ ತಂದೆ ಚಂದ್ರಪ್ಪ ಅಲ್ಲಿನ ಕಾಳಿನ ಪೇಟೆಯಲ್ಲಿ ಸವಾಲು, ಅಂದರೆ ಹರಾಜು, ಕೂಗುತ್ತಿದ್ದವರು. ಚೀಲಗಳ ರಾಶಿಯ ಮೇಲೆ ನಿಂತು ಅವರು ದರ ಕೂಗಿದರೆ ರಸ್ತೆಯಾಚೆಯ ಚಹಾದಂಗಡಿಯಲ್ಲಿ ಕುಳಿತವರಿಗೂ ಕೇಳುತ್ತಿತ್ತಂತೆ. ಹಿಂದಿನ ವರ್ಷ ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಈಗ ಅವರು ತುಟಿ ಆಡಿಸುತ್ತಿದ್ದರು, ದನಿ ಬರುತ್ತಿರಲಿಲ್ಲ.

ನೇತ್ರಾಳ ಸೋದರಮಾವ ಈರಪ್ಪನದು ಹಿರೇಕೆರೂರಿನಲ್ಲಿ ಮದುವೆ ಪತ್ರಿಕೆ ಮುದ್ರಿಸುವ ಪ್ರೆಸ್. ಅವಳು ಚಿಕ್ಕವಳಿದ್ದಾಗ ಅವನು ಸಣ್ಣ ಕ್ಯಾಮೆರಾ ಕೊಂಡು ಮನೆಯವರ ವಿಡಿಯೊ ತೆಗೆದು, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಜೋಡಿಸುತ್ತ ಅರ್ಧಕ್ಕೆ ಬಿಟ್ಟಿದ್ದ. ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾಗಿದ್ದವು. ಉಳಿದದ್ದು ಈ ಡಿಸ್ಕಿನಲ್ಲಿದ್ದದ್ದು ಮಾತ್ರ; ಪ್ರೆಸ್ಸಿನ ಕಂಪ್ಯೂಟರಿನಲ್ಲೂ ಬೇರೆ ಪ್ರತಿ ಇರಲಿಲ್ಲ.

“ಅಪ್ಪನ ದನಿ ಮೊಬೈಲಿನ್ಯಾಗ ಇಲ್ಲೇನವಾ?” ಎಂದು ಕೇಳಿದೆ.

“ಅದ್ರಾಗಿರೂದು ರೋಗ ಬಂದ ಮ್ಯಾಲಿನ ಗೊಗ್ಗರ ದನಿ ಕಾಕಾರ. ನನಗ ಅದು ಬ್ಯಾಡ. ನನ್ನ ಹುಟ್ಟಿದಬ್ಬದ ದಿನ ಅಪ್ಪ ಕೇಕ್ ಸವಾಲಿಗೆ ಹಾಕಿದ್ದ. ‘ಈ ತುಂಡಿಗೆ ಎಷ್ಟ್ರೀ? ಒಂದ್ ಮುತ್ತು! ಎರಡ್ ಮುತ್ತು! ಅತ್ತಿಯಾರದು ಮೂರು!’ ಅಂತ. ನಮ್ಮತ್ತಿ ನಾಚಿ ಅಡಗಿಮನಿ ಸೇರಿದ್ಲು.” ಅವಳು ನಕ್ಕಳು. ಆಮೇಲೆ ಹೇಳಿದಳು: “ಸವಣೂರಿಗೆ ಕೊಡಾಕತ್ತಾರ್ರಿ ನನ್ನ. ತಲಿ ಮ್ಯಾಲ ಅಕ್ಕಿಕಾಳು ಬೀಳೂ ಮುಂದ ಒಮ್ಮೆ ಅದನ್ನ ಹಚ್ಚಬೇಕ್ರಿ. ಅಪ್ಪನ ದನೀಲೆ ಮದಿವಿ ಆಗಬೇಕು ನಂದು.”

ಮಾಡಿಕೊಡುತ್ತೇನೆ ಎಂದೆ. ಹಳೆಯ ಪ್ರೋಗ್ರಾಂನ ಪ್ರಾಜೆಕ್ಟು ಹೊಸದರಲ್ಲಿ ನೇರವಾಗಿ ತೆರೆಯುವುದಿಲ್ಲ. ಎರಡಕ್ಕೂ ಅರ್ಥವಾಗುವ ನಡುವಿನ ಫೈಲೊಂದು ಬೇಕು. ಅದನ್ನು ನಾನು ಮೊದಲೇ ಫೋನಿನಲ್ಲಿ ಹೇಳಿದ್ದಂತೆ ಈರಪ್ಪ ತಯಾರಿಸಿ ಡಿಸ್ಕಿಗೆ ಹಾಕಿ ಕಳಿಸಿದ್ದ. ಅವನ ಕೆಲಸ ಸರಿಯಾಗಿಯೇ ಇತ್ತು.

ನಾನು ಆಗಷ್ಟೇ ಬೇರೆ ಸಿಸ್ಟಮ್ಮಿನ ಹೊಸ ಕಂಪ್ಯೂಟರ್ ತಂದಿದ್ದೆ. ಹಳೆಯ ಕಂಪ್ಯೂಟರಿನ ಡಿಸ್ಕನ್ನು ಅದು ಓದುತ್ತಿತ್ತು, ಆದರೆ ಅದರ ಮೇಲೆ ಬರೆಯುತ್ತಿರಲಿಲ್ಲ. ಬರೆಯಬೇಕೆಂದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಅಂದರೆ ಇದ್ದದ್ದನ್ನೆಲ್ಲ ಅಳಿಸಿ ಹೊಸ ಕಂಪ್ಯೂಟರಿಗೆ ಒಗ್ಗುವಂತೆ ಸಜ್ಜುಗೊಳಿಸಬೇಕು.

ಡಿಸ್ಕ್ ತೆರೆದಾಗ ಕೆಲವು ಫೋಲ್ಡರುಗಳಿಗೆ ಇಂಗ್ಲಿಷ್ ಅಕ್ಷರ, ಅಂಕಿಗಳ ಹೆಸರಿತ್ತು. ಅವನ್ನೂ ಈರಪ್ಪನ ನಡುವಿನ ಫೈಲನ್ನೂ ನಕಲು ಮಾಡಿಕೊಂಡೆ. ಉಳಿದವುಗಳ ಹೆಸರು ಓದುವಂತಿರಲಿಲ್ಲ. ಒಂದು ಇಂಗ್ಲಿಷ್ ಸಿ, ತಲೆಯ ಮೇಲೆ ಗೀಟು ಹೊತ್ತ ಎ, ನಡುವೆ ಯಾವ ಭಾಷೆಗೂ ಸೇರದ ಚಿಹ್ನೆಗಳು. ಪ್ರೆಸ್ಸಿನವರ ಡಿಸ್ಕೆಂದರೆ ವೈರಸ್ಸಿನ ತವರುಮನೆ. ಇಂಥ ಹೆಸರಿನ ಕಸವನ್ನು ನಾನು ಎಷ್ಟೋ ಸಲ ಕಂಡಿದ್ದೆ. ಅವನ್ನು ಅಲ್ಲಿಯೇ ಬಿಟ್ಟೆ. ಒಂದನ್ನಾದರೂ ತೆರೆದು ನೋಡಿದ್ದರೆ ಸಾಕಿತ್ತು.

ಅಷ್ಟರಲ್ಲಿ ರಟ್ಟೀಹಳ್ಳಿಯ ಮದುವೆಯೊಂದರ ಚಿತ್ರೀಕರಣ ಮುಗಿಸಿ ಬಂದೆ. ನನ್ನ ಡಿಸ್ಕುಗಳು ತುಂಬಿದ್ದವು. ಗಿರಾಕಿ ಕಣ್ಣಾರೆ ನೋಡಿ ಒಪ್ಪುವವರೆಗೆ ಅವರ ಮೂಲ ಪ್ರತಿಯನ್ನು ಮುಟ್ಟಬಾರದು ಎಂಬ ನಿಯಮ ನಾನೇ ಮಾಡಿಕೊಂಡದ್ದು. ಹೊಸ ಡಿಸ್ಕಿಗಾಗಿ ಹುಬ್ಬಳ್ಳಿಗೆ ಹೋಗುವ ಬೇಸರಕ್ಕೆ ಅದನ್ನು ಮುರಿದೆ. ನೇತ್ರಾಳ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಅದರಲ್ಲಿ ರಟ್ಟೀಹಳ್ಳಿಯ ಮದುವೆಯನ್ನು ತುಂಬಿದೆ. ಬರಿದೇ ಫಾರ್ಮ್ಯಾಟ್ ಆಗಿದ್ದರೆ ಏನಾದರೂ ಮರಳಿ ತೆಗೆಯಬಹುದಿತ್ತೇನೋ. ಮೇಲೆ ಬೇರೆಯದನ್ನು ಬರೆದ ಮೇಲೆ ಆ ದಾರಿಯೂ ಮುಚ್ಚಿತು.

ಮುಂದಿನ ವಾರ ಪ್ರಾಜೆಕ್ಟ್ ತೆರೆದೆ. ಕಂಪ್ಯೂಟರು ಒಂದೊಂದೇ ಕ್ಲಿಪ್ ಸಿಗುತ್ತಿಲ್ಲವೆಂದು ಹೇಳತೊಡಗಿತು. ಹೇಳುತ್ತಿದ್ದ ಹೆಸರುಗಳು ಅವೇ: ಸಿ, ಗೀಟು ಹೊತ್ತ ಎ. ಪರದೆಯ ತುಂಬ ಬರೀ ಕೆಂಪು ಚೌಕಗಳು. ನಾನು ನಕಲು ಮಾಡಿಕೊಂಡ ಫೋಲ್ಡರುಗಳಲ್ಲಿ ಇದ್ದದ್ದು ಮದುವೆ ಪತ್ರಿಕೆಯ ಗಣಪತಿ ಚಿತ್ರಗಳು.

ಈರಪ್ಪನಿಗೆ ಫೋನ್ ಮಾಡಿ, ಏನೂ ಆಗದವನಂತೆ ವಿಚಾರಿಸಿದೆ.

“ಅಣ್ಣಾರ, ನಂದೆಲ್ಲಾ ಕನ್ನಡದಾಗನ ಐತ್ರಿ. ‘ಅಪ್ಪನ ಸವಾಲ್’, ‘ಅವ್ವ’, ‘ನೇತ್ರಾ ಬರ್ತಡೇ’ ಅಂತ, ನೇತ್ರಾ ಕರಿಯೂ ಹಂಗ, ಹೆಸರಿಟ್ಟೇನಿ. ಪತ್ರಿಕಿ ಟೈಪ್ ಮಾಡೂ ಹಳೇ ಫಾಂಟಿನ್ಯಾಗ. ನನ್ನ ಕಂಪ್ಯೂಟರಿಗೆ ಆ ಅಕ್ಷರನ ಹಚ್ಚಿಟ್ಟೇನಿ, ಹಂಗಾಗಿ ನನಗ ಚಂದ ಕಾಣತಿದ್ದವು. ಯಾಕ್ರೀ, ನಿಮಗ ಕಾಣಾಕತ್ತಿಲ್ಲೇನು?”

ನನಗೆ ಆಗ ತಿಳಿಯಿತು. ಹಳೆಯ ಕನ್ನಡ ಫಾಂಟುಗಳು ಒಳಗೆ ಇಂಗ್ಲಿಷ್ ಅಕ್ಷರಗಳೇ; ಮೇಲೆ ಕನ್ನಡದ ಅಂಗಿ ತೊಟ್ಟಿರುತ್ತವೆ. ಬೇರೆ ಕಂಪ್ಯೂಟರಿಗೆ ಹೋದಾಗ ಅಂಗಿ ಹಳೆಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಆ ಸಿ ಎಂಬುದು ‘ಅಪ್ಪ’ ಎನ್ನುವುದರ ಅ. ಕನ್ನಡದ ಟೈಟಲ್ಲುಗಳನ್ನು ಹಾಕಿಯೇ ಹೆಸರು ಗಳಿಸಿದ ನಾನು ಕನ್ನಡವನ್ನು ವೈರಸ್ ಎಂದುಕೊಂಡಿದ್ದೆ.

ಇಲ್ಲಿಯವರೆಗಿನದು ಅಜ್ಞಾನ, ಸೋಮಾರಿತನ. ಮುಂದಿನದಕ್ಕೆ ಆ ಹೆಸರು ಸಲ್ಲದು.

ನೇತ್ರಾ ಬಂದಳು. ಅವಳ ಮುಖ ನೋಡಿ ನನ್ನ ಬಾಯಿಂದ ನಿಜ ಹೊರಡಲಿಲ್ಲ. “ಡಿಸ್ಕ್ ಕೆಟ್ಟೈತವಾ. ಎಲ್ಲೋ ಪೆಟ್ಟು ತಿಂದಂಗ ಐತಿ,” ಎಂದೆ.

ಅವಳು ಹೆಗಲಿನ ಬ್ಯಾಗನ್ನು ಮುಂದಕ್ಕೆ ಎಳೆದು ನೋಡಿಕೊಂಡಳು. “ಹಿರೇಕೆರೂರಿಂದ ಬರೂ ಮುಂದ ಡ್ರೈವರ್ ಒಮ್ಮೆಲೆ ಬ್ರೇಕ್ ಹಾಕಿದ್ರಿ. ಬ್ಯಾಗ್ ಸೀಟಿನ ಮ್ಯಾಲಿಂದ ಕೆಳಗ ಬಿತ್ತು. ಅದಕ್ಕ ಆಗಿರಬೇಕೇನ್ರೀ?”

“ಇರಬೇಕವಾ,” ಎಂದೆ.

ಆ ಒಂದು ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅವಳ ಮದುವೆಯ ಚಿತ್ರೀಕರಣವೂ ನನ್ನದೇ ಆಗಿತ್ತು. ಮುಂಗಡ ಪಡೆದಿದ್ದೆ, ಬಿಡುವಂತಿರಲಿಲ್ಲ. ಮಂತ್ರ ಸ್ಪಷ್ಟವಾಗಿ ಕೇಳಲೆಂದು ಸ್ವಾಮಿಗಳ ಶಾಲಿಗೆ ಸಣ್ಣ ಮೈಕು ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದೆ. ಅಕ್ಕಿಕಾಳಿಗೆ ಮುಂಚೆ ನೇತ್ರಾ, ಸ್ವಾಮಿಗಳ ಪಕ್ಕದಲ್ಲೇ ನಿಂತಿದ್ದ ತಂದೆಯ ಕಾಲಿಗೆ ಬಗ್ಗಿದಳು. ಸುತ್ತ ಬ್ಯಾಂಡಿನವರು, ಮಕ್ಕಳ ಕೂಗಾಟ. ಅವಳ ಮಾತು ಯಾರಿಗೂ ಕೇಳಿರಲಿಕ್ಕಿಲ್ಲ. ನನಗೆ ಕೇಳಿತು: “ತಪ್ಪಾತಪಾ. ನಾ ಬ್ಯಾಗ್ ತೊಡಿ ಮ್ಯಾಲ ಇಟ್ಕೊಂಡು ಕುಂದ್ರಬೇಕಿತ್ತು.” ಚಂದ್ರಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಬೇಡ ಬೇಡವೆಂದು ತಲೆಯಾಡಿಸಿದರು. ನನ್ನ ಕ್ಯಾಮೆರಾ ಅಲುಗಿತು. ಆ ಚಿತ್ರ ಈಗಲೂ ಆ ವಿಡಿಯೊದಲ್ಲಿ ಅಲುಗಿಯೇ ಇದೆ.

ಎಡಿಟಿಂಗ್ ಮಾಡುವಾಗ ಆ ಪಿಸುಮಾತು ಬಂದ ಕಡೆ ದನಿ ತೆಗೆದು ಶಹನಾಯಿ ಹಾಕಲು ಹೊರಟೆ. ಕೈ ಓಡಲಿಲ್ಲ. ಆ ಮನೆಯ ಒಂದು ದನಿಯನ್ನು ಆಗಲೇ ಅಳಿಸಿದ್ದೆ.

ಅವಳು ತವರಿಗೆ ಬಂದಿದ್ದಾಳೆಂದು ತಿಳಿದು ಶಿಗ್ಗಾಂವಕ್ಕೆ ಹೋದೆ. ಚಂದ್ರಪ್ಪ ಕುತ್ತಿಗೆಗೆ ವಸ್ತ್ರ ಸುತ್ತಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು. ಮದುವೆಯ ವಿಡಿಯೊ ಕೈಗಿಡುವ ಮೊದಲು ಇಬ್ಬರೆದುರೂ ನಡೆದದ್ದನ್ನೆಲ್ಲ ಹೇಳಿದೆ. “ಬ್ಯಾಗ್ ಬಿದ್ದದ್ದಕ್ಕ ಏನೂ ಆಗಿರಲಿಲ್ಲವಾ. ಅಳಿಸಿದಾವ ನಾನು.”

ನೇತ್ರಾ ಎದ್ದು ನಿಂತಳು. “ಅಪ್ಪನ ದನಿ ಹೋತಂತ ನಾ ಅತ್ತಿಲ್ರಿ. ಅದನ್ನ ಡಾಕ್ಟರ್ ಮದ್ಲ ಹೇಳಿದ್ರು. ನನ್ನ ಕೈಯಾಗ ಹೋತಂತ ಅತ್ತೇನಿ. ಗಂಡನ ಮನ್ಯಾಗ ಕುಂತು ಅತ್ತೇನಿ. ‘ಯಾಕ ಅಳತಿ, ನಿನಗ ಈ ಮನಿ ಸೇರಾಂಗಿಲ್ಲೇನು’ ಅಂತ ಅವರ ಕೈಯಾಗ ಅನಿಸ್ಕೊಂಡೇನಿ. ನಿಮಗ ಗೊತ್ತಿತ್ತಲ್ರೀ ಕಾಕಾರ!”

“ಗೊತ್ತಿತ್ತವಾ.”

ಚಂದ್ರಪ್ಪ ಮಗಳ ಸೆರಗು ಜಗ್ಗಿ ತುಟಿ ಆಡಿಸಿದರು. ಅವರ ತುಟಿಯನ್ನು ಓದುವುದು ಅವಳೊಬ್ಬಳಿಗೇ ಬರುತ್ತಿತ್ತು. ಅವಳು ತಲೆ ಕೊಡವಿದಳು. ಅವರು ಮತ್ತೆ ಆಡಿಸಿದರು.

“ಏನಂತಾರವಾ?” ಎಂದು ಕೇಳಿದೆ.

“‘ಖರೇ ಹೇಳಾಕ ಬಂದಾರ, ಚಾ ಮಾಡಿ ಕೊಡು’ ಅನ್ನಾಕತ್ತಾನ್ರಿ. ನಾ ಕೊಡಂಗಿಲ್ಲ. ಅಪ್ಪಂದು ಮುಗಿದೈತಿ. ನಂದಿನ್ನೂ ಮುಗಿದಿಲ್ಲ.”

ಎದ್ದು ಬಂದೆ. ಅವಳು ಹೇಳಿದ್ದು ಸರಿಯಾಗಿತ್ತು.

ಅರ್ಥವಾಗದ ಹೆಸರನ್ನು ತೆರೆದು ನೋಡದೆ ಅಳಿಸಬಾರದು ಎಂಬುದನ್ನು ಈಗ ಕೆಲಸ ಕಲಿಯುವ ಯಾರಿಗಾದರೂ ಹೇಳುತ್ತೇನೆ. ಅದು ಕೈಕಸುಬಿನ ಪಾಠ, ಒಂದು ಮಾತಿನಲ್ಲಿ ಮುಗಿಯುತ್ತದೆ. ನನಗೆ ತಡವಾಗಿ ತಿಳಿದದ್ದು ಬೇರೆ. ಯಂತ್ರ ಕೆಟ್ಟಿತು ಎಂದು ನಮ್ಮಂಥವರು ಹೇಳಿದರೆ ಜನ ನಂಬುತ್ತಾರೆ, ಏಕೆಂದರೆ ಅವರಿಗೆ ಯಂತ್ರ ಗೊತ್ತಿಲ್ಲ. ನಂಬಿ ಸುಮ್ಮನಾಗುವುದಿಲ್ಲ, ಅದು ಕೆಡಲು ತಾವೇನು ಮಾಡಿದೆವೋ ಎಂದು ಮನೆಗೆ ಹೋಗಿ ಹುಡುಕುತ್ತಾರೆ, ಏನಾದರೊಂದು ಸಿಕ್ಕೇ ಸಿಗುತ್ತದೆ. ನಾವು ಹೇಳಿದ ಸುಳ್ಳನ್ನು ನಮ್ಮ ಬದಲಿಗೆ ಅವರು ಹೊರುತ್ತಾರೆ.