ಹೊಂಡದ ಕಟ್ಲಾ, ಹೊಳೆಯ ಕಾಕು

ಕಳೆದ ವಾರ ಈ ಮರಾಠಿ ಊರಿನ ಗಾಂಧಿಬಾಗ್ ಪೇಟೆಯ ಗಲ್ಲಿಯೊಂದರಲ್ಲಿ ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವನು ಹೊಸ ಡಬ್ಬ ಒಡೆದು ಯಾರಿಗೋ ಅಳೆದು ಕೊಡುತ್ತಿದ್ದ. ಸ್ವಲ್ಪ ಕಹಿ, ಸ್ವಲ್ಪ ಹಸಿ ಕಾಳಿನ ಘಾಟು... ಬಂದ ಕೆಲಸ ಮರೆತು ಅಲ್ಲೇ ನಿಂತುಬಿಟ್ಟೆ. “ಆಯಿ, ಚಲ್ ನಾ!” ಎಂದು ಮಗಳು ತೋಳು ಹಿಡಿದು ಎಳೆದಳು. ಅವಳು ಹೊಟ್ಟೆಯಲ್ಲಿದ್ದಾಗ ಇದೇ ಎಣ್ಣೆಯಲ್ಲಿ ಹುರಿದದ್ದನ್ನು ತಿಂದು ನಾನು ಚೇತರಿಸಿಕೊಂಡೆ ಎಂದು ಆ ಜಂಗುಳಿಯಲ್ಲಿ ಹೇಗೆ ಹೇಳಲಿ?

ಆಗ ಇದೇ ಊರಿನ ಪ್ರತಾಪ ನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೆ ಕಾಕುವಿನ ಖಾನಾವಳಿ ಇತ್ತು. ಕನ್ನಡದವರಿಗೂ ಮರಾಠಿಯವರಿಗೂ ಅವರು ಕಾಕುವೇ, ಎಲ್ಲರ ಚಿಕ್ಕಮ್ಮ. ಕೃಷ್ಣಾ ತೀರದ ಹಳ್ಳಿಯವರು. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸವಾಗಿ ಬಂದವರು, ಅವರು ತೀರಿಕೊಂಡ ಮೇಲೂ ಇಲ್ಲೇ ಉಳಿದರು. ನಾನು ಕುಮಟೆಯವಳು, ಮೀನೆಂದರೆ ಸಮುದ್ರದ್ದು ಎಂದು ಬೆಳೆದವಳು. ಕಾಕುವಿಗೆ ಮೀನೆಂದರೆ ಹೊಳೆಯದ್ದು. “ಉಪ್ಪನೀರಾಗ ಬೆಳದದ್ದಕ್ಕ ಮತ್ಯಾಕ ಉಪ್ಪ ಹಾಕ್ತೀರಿ ನೀವು?” ಎಂದು ನನ್ನನ್ನು ಕೆಣಕುವುದು ಅವರ ದಿನದ ಕೆಲಸ. ನಮ್ಮಿಬ್ಬರಿಗೂ ಒಮ್ಮತವಿದ್ದದ್ದು ಒಂದೇ ವಿಷಯದಲ್ಲಿ: ಹೊಂಡದಲ್ಲಿ ಸಾಕಿದ ಮೀನು ಮೀನೇ ಅಲ್ಲ. ಅದಕ್ಕೆ ಕೆಸರಿನ ನಾತ ಎಂದು ಕಾಕು ಅದನ್ನು ಹೊಸಿಲು ದಾಟಿಸುತ್ತಿರಲಿಲ್ಲ.

ಊರಂಚಿನ ಹಿಂಗಣಾದಾಚೆಯ ಕೆರೆಯೊಂದರಿಂದ ಢೀವರ ಹೆಂಗಸರು ಖಾನಾವಳಿಗೆ ಮೀನು ತರುತ್ತಿದ್ದರು. ನಮ್ಮ ಕಡೆಯ ಅಂಬಿಗರ ಹಾಗೆ ತಲೆತಲಾಂತರದಿಂದ ಮೀನು ಹಿಡಿಯುವ ಜನ. ಕೆರೆಯಲ್ಲಿ ಮೀನು ವರ್ಷವರ್ಷಕ್ಕೂ ಕಡಿಮೆಯಾಗುವುದನ್ನು ಕಂಡು ಅವರೂ ಕಾಕುವೂ ಕೂತು ಒಂದು ಮಾತಿಗೆ ಬಂದಿದ್ದರು. ಮಳೆ ಹಿಡಿದು ಮೀನುಗಳು ತತ್ತಿ ಹೊತ್ತು ಹಳ್ಳದ ನೀರಿಗೆ ಎದುರಾಗಿ ಏರುವಾಗ ಬಲೆ ಗೂಟದಲ್ಲೇ ಇರಬೇಕು. ಉಳಿದಂತೆ ವರ್ಷವಿಡೀ ದೊಡ್ಡದು ಸಣ್ಣದು ಎನ್ನದೆ ಅವರು ತಂದದ್ದನ್ನೆಲ್ಲ ಕಾಕು ಕೊಳ್ಳಬೇಕು. ಹೀಗಾಗಿ ಆಷಾಢದಲ್ಲಿ ಖಾನಾವಳಿಗೆ ಬಂದರೆ ಸಿಗುತ್ತಿದ್ದದ್ದು ಕೋಳಿಮೊಟ್ಟೆ ಸಾರು, ಇಲ್ಲವೇ ಕಡಲೆಹಿಟ್ಟಿನ ಪಾಟವಡಿ ರಸ್ಸಾ. ಕಾರ್ಖಾನೆಯ ಹುಡುಗರು ಗೊಣಗುತ್ತ ಬೇರೆ ಕಡೆ ಉಣ್ಣಲು ಹೋಗುತ್ತಿದ್ದರು. “ಹೋಗ್ಲಿ ಬಿಡು, ಮೀನ ಉಳದರ ಅವರೂ ತಿರುಗಿ ಬರ್ತಾರ” ಎನ್ನುತ್ತಿದ್ದರು ಕಾಕು.

ಅಂಥದೊಂದು ಆಷಾಢದಲ್ಲೇ ನಾನು ಬಸುರಿ. ನೀರು ಕುಡಿದರೂ ವಾಂತಿ. ಸೊರಗಿ ಕಡ್ಡಿಯಾಗಿದ್ದೆ, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕು ಎಂದು ಡಾಕ್ಟರು ಹೆದರಿಸಿದ್ದರು. ಒಂದು ಬೆಳಿಗ್ಗೆ ಎದ್ದವಳಿಗೆ ಇದ್ದಕ್ಕಿದ್ದಂತೆ ಮೀನಿನ ತತ್ತಿ ಬೇಕೆನಿಸಿತು. ಗರಿಗರಿಯಾಗಿ ಹುರಿದ ತತ್ತಿ, ಬೇರೇನೂ ಅಲ್ಲ. ಗಂಡ ಖುಷಿಯಿಂದ ಚೀಲ ಹಿಡಿದು ಪೇಟೆಗೆ ಹೊರಟರೆ ಕಾಕು ಮೆಟ್ಟಿಲಲ್ಲೇ ಅಡ್ಡ ನಿಂತು ವಿಷಯ ಕೇಳಿಕೊಂಡು, ಏದುಸಿರು ಬಿಡುತ್ತ ಮೇಲೆ ಬಂದರು.

“ಹೊಟ್ಟಿಲೆ ಇದ್ದಾಕಿ ನೀ, ಹೊಟ್ಟಿ ತುಂಬ ತತ್ತಿ ಹೊತ್ತ ಮೀನ ತಿಂತಿಯೇನ ತಂಗಿ?”

“ಬಯಕೆ ಕಾಕು. ತೀರಿಸದಿದ್ರೆ ಮಗುವಿನ ಕಿವಿ ಸೋರ್ತದಂತೆ!”

ನನಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಕಾಕುವಿಗೆ ಬೆಟ್ಟದಷ್ಟಿತ್ತು. ಅವರ ಮುಖ ಸಣ್ಣದಾಯಿತು. ನಮ್ಮ ಮನೆಯಲ್ಲಿ ಹುರಿದರೂ ವಾಸನೆ ಬೀದಿಗೆಲ್ಲ ಹೋಗುತ್ತದೆ. ಕಾಕುವಿನ ತಲೆಯ ಮೇಲೇ ಬಸುರಿ ಮೀನು ಬೇಯುತ್ತಿರುವಾಗ ನಮ್ಮ ಬಲೆ ಮಾತ್ರ ಯಾಕೆ ಒಣಗಬೇಕು ಎಂದು ಮೀನಿನ ಹೆಂಗಸರು ಕೇಳಿದರೆ ಏನು ಹೇಳುವುದು? ಬಸುರಿಯ ಬಾಯಿಗೆ ಇಲ್ಲವೆನ್ನಬಾರದು, ಕೊಟ್ಟ ಮಾತೂ ಮುರಿಯಬಾರದು. “ಎರಡ ದಿನ ತಡಿ” ಎಂದು ಇಳಿದು ಹೋದರು.

ಕಾಕು ಹೇಳಿಕಳಿಸಿದ್ದಕ್ಕೆ ಆ ಹೆಂಗಸರಲ್ಲಿ ಹಿರಿಯಾಕೆ ಸಂಜೆಯೇ ಬಂದಳು. ಇಬ್ಬರೂ ಕೆಳಗಿನ ಮೆಟ್ಟಿಲ ಮೇಲೆ ಕೂತರು, ನಾನು ಮೇಲಿನಿಂದ ಕಿವಿಗೊಟ್ಟೆ. ಕಾಕು ತಾನೇ ತಪ್ಪು ಮಾಡಿದವರಂತೆ ಎಲ್ಲ ಹೇಳಿಕೊಂಡರು. ಹಿರಿಯಾಕೆ ಕೇಳಿ ನಕ್ಕೇಬಿಟ್ಟಳು. “ಶೇತತಳ್ಯಾಚಾ ಕಟ್ಲಾ ಘ್ಯಾ ನಾ, ಕಾಕು!” ಹೊಲದ ಹೊಂಡದಲ್ಲಿ ಸಾಕಿದ ಕಟ್ಲಾ ಮೀನು ತಗೊಳ್ಳಿ ಅಂದಳು. ಕಟ್ಲಾ ನಿಂತ ನೀರಿನಲ್ಲಿ ತತ್ತಿ ಇಡುವುದಿಲ್ಲವಂತೆ, ಅದಕ್ಕೆ ಹರಿವ ನೀರೇ ಬೇಕು. ಹೊಂಡದ ಮೀನಿನ ಹೊಟ್ಟೆಯಲ್ಲಿ ತತ್ತಿ ತುಂಬಿ, ಕೊನೆಗೆ ಅಲ್ಲೇ ಕರಗಿ ಹೋಗುತ್ತದಂತೆ. ಸಾಕುವವರು ಮರಿಗಳನ್ನು ಬೇರೆ ಕಡೆಯಿಂದ ತಂದು ಬಿಡುತ್ತಾರೆ. ಅದನ್ನು ತಿಂದರೆ ಕೆರೆಗೇನೂ ನಷ್ಟವಿಲ್ಲ.

ಕಾಕು ಹಣೆ ಹಣೆ ಬಡಿದುಕೊಂಡು ನಕ್ಕರು.

“ಅಯ್ಯ ಶಿವನ, ಹೊಂಡದ್ದು ನನ್ನ ಒಲಿ ಮ್ಯಾಲ? ನಮ್ಮಪ್ಪ ಇದ್ದಿದ್ರ ಮನಿ ಬಿಟ್ಟ ಓಡಸ್ತಿದ್ದ!”

ಮರುದಿನ ಇಬ್ಬರೂ ಹಿಂಗಣಾ ಬಸ್ಸು ಹತ್ತಿದರು. ಮಧ್ಯಾಹ್ನ ಬಂದಾಗ ಕಾಕುವಿನ ಸೀರೆಗೆ ಮೊಣಕಾಲವರೆಗೆ ಕೆಸರು, ಮುಖದಲ್ಲಿ ಮದುವೆಮನೆಯ ಕಳೆ. ಹೊಂಡದ ಯಜಮಾನ ಬಲೆ ಎಳೆಯುವುದು ಸರಿಯಿಲ್ಲವೆಂದು ತಾವೇ ನೀರಿಗಿಳಿದರಂತೆ! ಬಸ್ಸಿನಲ್ಲಿ ಕಟ್ಲಾ ಚೀಲದೊಳಗೇ ಬಾಲ ಬಡಿದು ಕಂಡಕ್ಟರನ ಪ್ಯಾಂಟು ತೋಯಿಸಿತಂತೆ. ಅವನು ರೇಗಿದ್ದಕ್ಕೆ ಇವರು ಮೀನಿಗೂ ಅರ್ಧ ಟಿಕೆಟ್ ಕೊಡು ಅಂದರಂತೆ. ಕಥೆ ಹೇಳುತ್ತಲೇ ತತ್ತಿ ತೊಳೆದು, ಹುಣಸೆ, ಅರಿಶಿನ, ಖಾರ ಸವರಿ ಅಗಸೆ ಎಣ್ಣೆಗೆ ಬಿಟ್ಟರು.

ಅಡುಗೆಮನೆಯ ಸೆಖೆ ತಾಳದೆ ನಾನು ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತೆ. ಕಾಕು, ಹಿರಿಯಾಕೆ, ನನ್ನ ಗಂಡ, ಮೂವರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ನನ್ನ ಬಾಯಿ ನೋಡುತ್ತಿದ್ದರು. ಒಂದು ತುಂಡು ಹೋಯಿತು. ಇನ್ನೊಂದು ಹೋಯಿತು. ಸ್ವಲ್ಪ ಹೊತ್ತು ಕಾದೆವು... ಹೊಟ್ಟೆ ತಕರಾರು ಮಾಡಲಿಲ್ಲ. “ಉಳೀತು! ಉಳೀತು!” ಎಂದು ಕಾಕು ಕೂಗಿದ್ದು ಇಡೀ ಬೀದಿಗೆ ಕೇಳಿರಬೇಕು. ಅಂದು ನಾನು ತಟ್ಟೆ ನೆಕ್ಕಿದೆ, ನಾಚಿಕೆಯೇನೂ ಆಗಲಿಲ್ಲ.

ಉಳಿದ ಮೀನಿನ ಸಾರು ಕಟ್ಟಡದವರಿಗೆಲ್ಲ. ಕಾಕು ಮೂಗು ಮುರಿದೇ ಒಂದು ತುಂಡು ಬಾಯಿಗಿಟ್ಟರು. “ಕೆಸರಿನ ನಾತ ಐತಿ...” ಎಂದರು. ಒಂದು ಕ್ಷಣ ಬಿಟ್ಟು, “ಇನ್ನೊಂದ ತುಂಡ ಹಾಕು, ಬರೋಬರ್ ನೋಡೂಣು” ಎಂದು ತಟ್ಟೆ ಚಾಚಿದರು. ಹಿರಿಯಾಕೆ ನಕ್ಕು ನಕ್ಕು ಕೆಮ್ಮಿದಳು.

ಆ ವರ್ಷದಿಂದ ಮಳೆಗಾಲದಲ್ಲಿ ಖಾನಾವಳಿಯಲ್ಲಿ ಹೊಂಡದ ಕಟ್ಲಾ ಬೇಯತೊಡಗಿತು. ಕಾರ್ಖಾನೆಯ ಹುಡುಗರು ಬೇರೆ ಕಡೆ ಹೋಗುವುದು ನಿಂತಿತು. ತತ್ತಿಯ ಕಾಲದಲ್ಲಿ ಕೆರೆಯ ಬಲೆಗಳು ಗೂಟ ಬಿಟ್ಟು ಇಳಿಯಲಿಲ್ಲ.

ಕಾಕು ಈಗಿಲ್ಲ. ಖಾನಾವಳಿ ಇದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಹಿರಿಯಾಕೆಯ ಸೊಸೆ ಮೀನು ಮಾರಲು ಈಗಲೂ ಬರುತ್ತಾಳೆ, ಮಳೆಗಾಲದಲ್ಲಿ ಬರುವುದಿಲ್ಲ, ಅದೇ ನನಗೆ ಸಮಾಧಾನ. ಮಗಳ ಕಿವಿ ಸೋರಲಿಲ್ಲ, ನಾನು ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ ಅಷ್ಟೇ. ಆಷಾಢದ ನಡುವೆ ಫೋನು ಒತ್ತಿದರೆ ಸಾಕು, ಯಾವ ಹೊಳೆಯದೋ ತತ್ತಿ ತುಂಬಿದ ಮೀನು ಬಾಗಿಲಿಗೆ ಬರುತ್ತದೆ. ಹಾಗೆ ತರಿಸಲು ನನಗೆ ಮನಸ್ಸಾಗುವುದಿಲ್ಲ. ಮಳೆ ಜೋರಾದಾಗ ನನಗೆ ಬೇಕೆನಿಸುವುದು ಕಾಕು, ಬೈಯುತ್ತ ಮೆಟ್ಟಿಲು ಹತ್ತಿ ಬರುವ ಕಾಕು. ಬಸುರಿಯಾಗಿದ್ದಾಗಲೂ ನನಗೆ ಇಷ್ಟು ಬಲವಾದ ಬಯಕೆ ಆಗಿರಲಿಲ್ಲ. ಇದನ್ನು ತೀರಿಸುವವರು ಯಾರೂ ಇಲ್ಲ.